ಪಾನಾ ಹಿಡಿದ ಕೈ

ನಮ್ಮವರ ಬಲಗಾಲಿನಲ್ಲಿ, ಮೊಣಕಾಲಿನ ಕೆಳಗೆ, ನಾಲ್ಕು ಬೆರಳಿನಷ್ಟು ಎಲುಬು ಇರಲಿಲ್ಲ. ಮುರಿದಿದೆ ಅಂದರೆ ಜನಕ್ಕೆ ತಿಳಿಯುತ್ತದೆ, ಇಲ್ಲ ಅಂದರೆ ತಿಳಿಯುವುದಿಲ್ಲ. ನೋಡಲು ಬಂದವರೆಲ್ಲ ಬಾಳೆಹಣ್ಣು ಕೆಳಗಿಟ್ಟು, "ಹಂಗಂದ್ರ ಆ ಎಲುಬು ಎಲ್ಲಿ ಹೋತು?" ಎಂದು ಕೇಳುತ್ತಿದ್ದರು. ಮೊದಮೊದಲು ಸಮಾಧಾನದಿಂದ ಬಿಡಿಸಿ ಹೇಳುತ್ತಿದ್ದೆ. ಆಮೇಲೆ ಸಿಟ್ಟು ಬರತೊಡಗಿತು. "ಮಿರಜ್ ದವಾಖಾನ್ಯಾಗ ಐತ್ರಿ, ಬೇಕಾದ್ರ ಹೋಗಿ ನೋಡಿ ಬರ್ರಿ" ಅಂದುಬಿಟ್ಟೆ ಒಮ್ಮೆ, ಅದೂ ಅತ್ತೆಯ ಅಕ್ಕನಿಗೆ. ಆಕೆ ಮತ್ತೆ ವರ್ಷವಿಡೀ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳವು. ನನ್ನ ತವರು ನಿಪ್ಪಾಣಿ ಕಡೆಯ ಬೋರಗಾಂವ. ಅಪ್ಪನ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು, ಅವುಗಳ ಸದ್ದಿನಲ್ಲೇ ಹುಟ್ಟಿ ಬೆಳೆದವಳು ನಾನು. ಅಲ್ಲಿಂದ ಮಂಗಸೂಳಿ ಹತ್ತಿರದ ಒಂದು ತೋಟದ ಮನೆಗೆ ಸೊಸೆಯಾಗಿ ಬಂದೆ. ಕಬ್ಬು, ದ್ರಾಕ್ಷಿ, ನಾಲ್ಕು ಎತ್ತು, ಎರಡು ಎಮ್ಮೆ. ಮನೆಯಲ್ಲಿ ಮಾವ, ಅತ್ತೆ, ನಮ್ಮವರು, ನಾನು. ಮಕ್ಕಳು ಇನ್ನೂ ಆಗಿರಲಿಲ್ಲ. ಮದುವೆಯಾದ ಎರಡನೆಯ ವರ್ಷ, ಕಬ್ಬು ಕಡಿಯುವ ಹಂಗಾಮಿನಲ್ಲಿ, ರಾಯಬಾಗ ರಸ್ತೆಯ ಏರಿನಲ್ಲಿ ಟ್ರ್ಯಾಕ್ಟರಿನ ಕೊಂಡಿ ಕಳಚಿತು. ತುಂಬಿದ ಟ್ರೇಲರ್ ಹಿಂದಕ್ಕೆ ಉರುಳಿತು. ಗಾಲಿಗೆ ಕಲ್ಲು ಕೊಡಲು ಓಡಿದ ನಮ್ಮವರ ಕಾಲು ಕಲ್ಲಿಗೂ ಗಾಲಿಗೂ ನಡುವೆ ಸಿಕ್ಕಿತು.

ಮಿರಜಿಗೆ ಒಯ್ದಾಗ ಗಾಯದಲ್ಲಿ ಮಣ್ಣೂ ಕಬ್ಬಿನ ಒಣಗರಿಯ ರವದಿಯೂ ತುಂಬಿದ್ದವು. ತೊಳೆದರು, ಹೊಲಿದರು, ಸರಳು ಹಾಕಿದರು. ಆದರೆ ಕೀವು ನಿಲ್ಲಲಿಲ್ಲ. ಎರಡು ತಿಂಗಳ ಮೇಲೆ ಸರಳು ತೆಗೆದು, ಸತ್ತುಹೋಗಿದ್ದ ಎಲುಬನ್ನೂ ತೆಗೆದುಹಾಕಿದರು. ಅದೇ ಆ ನಾಲ್ಕು ಬೆರಳು. ಚರ್ಮ ಇತ್ತು, ಮಾಂಸ ಇತ್ತು, ಪಾದದಲ್ಲಿ ಬಿಸಿ ಇತ್ತು, ನಡುವೆ ಆಧಾರವಿರಲಿಲ್ಲ. ಕಾಲನ್ನು ಎತ್ತಿ ಹಿಡಿದರೆ ಆ ಜಾಗದಲ್ಲಿ ಹಸಿ ಹಗ್ಗದಂತೆ ಜೋಲುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ಡಾಕ್ಟರು ಇನ್ನೂ ಹರೆಯದವರು. ಮನೆಮಾತು ಮರಾಠಿ, ನಮ್ಮಂಥವರ ಜೊತೆಗೆ ಕನ್ನಡ ಬೆರೆಸಿ ಆಡುತ್ತಿದ್ದರು. ಎರಡು ದಾರಿ ಇವೆ ಅಂದರು. ಒಂದು, ಮೊಣಕಾಲಿನ ಕೆಳಗೆ ಕತ್ತರಿಸಿ ಕಟ್ಟಿಗೆಯ ಕಾಲು ಹಾಕುವುದು. ಇನ್ನೊಂದು, ಕಾಲಿನ ಸುತ್ತ ಉಕ್ಕಿನ ಬಳೆ ಕೂರಿಸಿ, ಎಲುಬನ್ನು ಬೆಳೆಸುವುದು. ಈ ಪದ್ಧತಿ ಬಂದು ಬಹಳ ದಿನ ಆಗಿಲ್ಲ, ನಾವೂ ಬೆರಳೆಣಿಕೆಯಷ್ಟು ಜನಕ್ಕೆ ಮಾಡಿದ್ದೇವೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

"ಎಲುಬು ಬೆಳೀತೈತೇನ್ರಿ ಸಾಹೇಬ್ರ?" ಎಂದರು ಮಾವ.

"ಬೆಳೀತೈತಿ ಬಾಬಾ. ಕಬ್ಬಿನ ಕಣ್ಣು ಒಡೀತೈತಲ್ಲಾ, ತಸಂಚ್, ಹಂಗ."

ಮೊಣಕಾಲಿನ ಹತ್ತಿರ ಗಟ್ಟಿ ಎಲುಬನ್ನು ಬೇಕಂತಲೇ ಕೊಯ್ಯುತ್ತಾರೆ. ಕೊಯ್ದ ತುಂಡನ್ನು ತಂತಿ ಪೋಣಿಸಿ ಬಳೆಗೆ ಬಿಗಿಯುತ್ತಾರೆ. ಆ ಬಳೆಯ ನಟ್ಟನ್ನು ದಿನಕ್ಕೆ ನಾಲ್ಕು ಸಲ, ಒಂದೊಂದು ಸಲಕ್ಕೆ ಕಾಲು ಸುತ್ತಿನಷ್ಟು ತಿರುವಿದರೆ, ಆ ತುಂಡು ಮಾಂಸದೊಳಗೇ ಕೆಳಕ್ಕೆ ಸರಿಯುತ್ತದೆ. ಇಡೀ ದಿನಕ್ಕೆ ಜೋಳದ ಕಾಳಿನ ಕಾಲು ಪಾಲಿನಷ್ಟು. ಅದು ಬಿಟ್ಟುಬಂದ ಜಾಗದಲ್ಲಿ ಹೊಸ ಎಲುಬು ಹುಟ್ಟುತ್ತದೆ. ಹೀಗೆ ಸರಿಯುತ್ತ ಸರಿಯುತ್ತ ಎರಡೂವರೆ ತಿಂಗಳಿಗೆ ಕೆಳಗಿನ ತುಂಡನ್ನು ಮುಟ್ಟಬೇಕು. ಡಾಕ್ಟರು ಇದನ್ನು ಎರಡು ಸೀಮೆಸುಣ್ಣದ ತುಂಡು ಇಟ್ಟುಕೊಂಡು ತೋರಿಸಿದರು. ನನಗೆ ಕೂಡಲೇ ತಿಳಿಯಿತು. ಮಗ್ಗದಲ್ಲೂ ಹಾಗೇ, ಬಟ್ಟೆ ಸುತ್ತುವ ರೂಲಿನ ಹಲ್ಲು ಒಂದೊಂದೇ ಸರಿಯಬೇಕು, ನಿಂತರೂ ಕೆಟ್ಟಿತು, ಜಿಗಿದರೂ ಕೆಟ್ಟಿತು. ಆದರೆ ಹೊಸ ಸೊಸೆಯ ತಿಳಿವಳಿಕೆಯನ್ನು ಕೇಳುವವರು ಯಾರು?

ಆಷಾಢದ ಮೊದಲ ವಾರ ಬಳೆ ಕೂರಿಸಿದರು. ಮೊಣಕಾಲಿನಿಂದ ಪಾದದ ಹರಡಿನವರೆಗೆ ನಾಲ್ಕು ಬಳೆ, ಅವುಗಳಿಂದ ಕಾಲಿನೊಳಗೆ ಆರಪಾರ ಹೋದ ತಂತಿಗಳು. ನಮ್ಮ ಮನೆಯಲ್ಲಿ ಅದಕ್ಕೆ ಪಿಂಜರ ಅಂತಲೇ ಹೆಸರಾಯಿತು. ನಟ್ಟು ತಿರುವುವ ಸ್ಪ್ಯಾನರು, ನಮ್ಮ ಕಡೆಯ ಪಾನಾ, ಮಾವನ ಕೈಗೆ ಬಂತು. ಮಾವ ಬಾವಿಯ ಆಯಿಲ್ ಎಂಜಿನ್ನನ್ನು ತಾವೇ ಬಿಚ್ಚಿ ಜೋಡಿಸುವವರು, ಪಾನಾ ಅಂದರೆ ಅವರ ಆರನೆಯ ಬೆರಳು. ಡಾಕ್ಟರು ಚೌಕ ಚೌಕ ಗೆರೆ ಹಾಕಿದ ಒಂದು ಕಾಗದವನ್ನೂ ಕೊಟ್ಟಿದ್ದರು. ತಿರುವಿದಾಗಲೊಮ್ಮೆ ಒಂದು ಚೌಕದಲ್ಲಿ ಗುರುತು ಹಾಕಬೇಕು. ಮ್ಯಾಟ್ರಿಕ್‌ವರೆಗೆ ಓದಿದವಳು ನಾನೊಬ್ಬಳೇ, ಹಾಗಾಗಿ ಆ ಕೆಲಸ ನನಗೆ.

ಮೊದಲ ನಾಲ್ಕೈದು ದಿನ ಎಲ್ಲ ಸರಿಯಾಗಿ ನಡೆಯಿತು. ತಿರುವಿದ ಅರ್ಧ ತಾಸಿಗೆ ನೋವು ಏಳುತ್ತಿತ್ತು. ತಂತಿ ಸರಿದಂತೆ ಚರ್ಮ ಸೀಳುತ್ತಿತ್ತು. ಅಳುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಮ್ಮವರು ಟವೆಲಿನ ತುದಿ ಕಚ್ಚಿಕೊಂಡು, ಗೋಡೆಯ ಕಡೆ ತಿರುಗಿ ಅಳುತ್ತಿದ್ದರು.

ಆಮೇಲೆ ಸೋಮವಾರ ಬಂತು.

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ಆರಿ ಹೋಗುತ್ತಿದ್ದರೂ ಸರಿ, ನೊಗ ಮುಟ್ಟುವುದಿಲ್ಲ. ಅಂದು ಬೆಳಿಗ್ಗೆ ಆರಕ್ಕೆ ನಾನು ತಂತಿ ಹೊಕ್ಕ ತೂತುಗಳನ್ನು ಒರೆಸಲು ಕುದಿಸಿದ ನೀರು, ಹತ್ತಿ ಹಿಡಿದು ಬಂದೆ. ಮಾವ ಪಾನಾ ಒರೆಸಿ ದೇವರ ಜಗಲಿಯ ಮೇಲೆ ಇಟ್ಟಿದ್ದರು. ಎರಡು ಬೊಟ್ಟು ಕುಂಕುಮವನ್ನೂ ಹಚ್ಚಿದ್ದರು.

"ಇವತ್ತ ಬ್ಯಾಡ," ಎಂದರು. "ಎತ್ತಿಗೂ ಒಂದಿನ ಬಿಡುವು ಐತಿ. ಬೆಳಿಯೂ ಎಲುಬನ್ನ ಇವತ್ತ ಜಗ್ಗಬಾರದು."

ಡಾಕ್ಟರು ಕಬ್ಬಿನ ಕಣ್ಣಿನ ಮಾತು ಹೇಳದೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವರು ಒಕ್ಕಲಿಗನಿಗೆ ತಿಳಿಯಲಿ ಎಂದು ಹೊಲದ ಹೋಲಿಕೆ ಕೊಟ್ಟರು. ಮಾವ ಅದನ್ನು ಹೋಲಿಕೆ ಎಂದು ತಿಳಿಯಲಿಲ್ಲ. ಮಗನ ಕಾಲು ಅವರಿಗೆ ಬಿತ್ತಿದ ಹೊಲವೇ ಆಯಿತು, ಹೊಲದ ಕಟ್ಟಳೆಯೆಲ್ಲ ಕಾಲಿಗೂ ಬಂದವು.

ನಾನು ಬಾಯಿ ತೆರೆದೆ. ಆಗ ನಮ್ಮವರ ಮುಖ ಕಂಡಿತು. ಶಾಲೆಗೆ ರಜೆ ಸಿಕ್ಕ ಮಕ್ಕಳ ಮುಖ. "ಹೌದಪ್ಪಾ, ಸೋಮವಾರ ಬ್ಯಾಡ" ಎಂದು ಅವರೂ ದನಿಗೂಡಿಸಿದರು. ಅವರೇನೂ ದೊಡ್ಡ ದೈವಭಕ್ತರಲ್ಲ, ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋದರೂ ಹೊರಗೆ ಕಟ್ಟೆಯ ಮೇಲೆ ಕೂತು ಬರುವವರು. ನಾನು ತೆರೆದ ಬಾಯಿ ಮುಚ್ಚಿದೆ. ಅತ್ತೆ-ಮಾವನಿಗೆ ಹೆದರಿ ಮುಚ್ಚಿದೆ ಅಂದರೆ ಸುಳ್ಳಾಗುತ್ತದೆ. ಆ ದಿನ ಆ ಅಳು ಕೇಳಬೇಕಾಗಿಲ್ಲವಲ್ಲ ಎಂದು ನನಗೂ ಸಂತೋಷವಾಗಿತ್ತು.

ಸಂಜೆ ಮಾವ ಕಾಗದದ ಕಡೆ ಬೆರಳು ತೋರಿಸಿ, "ಖಾಲಿ ಬಿಟ್ಟರ ಸಾಹೇಬರಿಗೆ ಬ್ಯಾಸರ ಆಗತೈತಿ. ತುಂಬಿಬಿಡು" ಎಂದರು. ನಾನು ತುಂಬಿದೆ. ನಾಲ್ಕು ಚೌಕ, ನಾಲ್ಕು ಗುರುತು, ಬೇರೆ ದಿನದವುಗಳಿಗಿಂತ ಚಂದ.

ಬೆರಳು ಕೊಟ್ಟರೆ ಹಸ್ತ ನುಂಗಿದರು ಅನ್ನುತ್ತಾರಲ್ಲ, ಸೋಮವಾರದ್ದೂ ಹಾಗೇ ಆಯಿತು. ಮೂರು ಸೋಮವಾರ ಹೋದವು. ಆಮೇಲೆ ನಾಗರ ಅಮವಾಸ್ಯೆ ಬಂತು, ಅಂದೂ ಗಳೆ ಹೂಡುವುದಿಲ್ಲ. ಅದರ ಬೆನ್ನಿಗೆ ಪಂಚಮಿ. ಪಂಚಮಿಯಲ್ಲಿ ನೆಲ ಅಗೆಯಬಾರದು, ಹಾವಿನ ಹುತ್ತಕ್ಕೆ ಪೆಟ್ಟಾಗುತ್ತದೆ. ಈ ಸಲ ಅತ್ತೆ ಮುಂದಾದರು. "ಪಂಚಮ್ಯಾಗ ತೂತಿನ್ಯಾಗ ಕಬ್ಬಿಣ ಆಡಸ್ತಾರೇನ ಬೇ? ನಾಗಪ್ಪ ಸುಮ್ಮನಿರತಾನೇನು? ಪಂಚಮಿ ಮುಗೀಲಿ" ಎಂದರು. ಕಾಲಿನ ಆ ತೂತುಗಳು ಅವರ ಕಣ್ಣಿಗೆ ಹುತ್ತದ ಬಾಯಿಗಳಾಗಿದ್ದವು. ಅಮವಾಸ್ಯೆಯಿಂದ ಹಿಡಿದು, ಪಂಚಮಿ ದಾಟಿ, ಮುಂದಿನ ಸೋಮವಾರದವರೆಗೆ ಪಾನಾ ಜಗಲಿಯಿಂದ ಇಳಿಯಲಿಲ್ಲ. ಎಂಟು ದಿನ. ನಮ್ಮವರು ಹಬ್ಬದ ಉಂಡಿ ತಿಂದರು, ನಕ್ಕರು, ತಿಂಗಳ ಮೇಲೆ ಮೊದಲ ಸಲ ನಿದ್ದೆ ಮಾಡಿದರು. ನಾನು ದಿನಾ ಸಂಜೆ ನಾಲ್ಕು ಗುರುತು ಹಾಕಿದೆ.

ಮಂಗಳವಾರ ಮಾವ ಪಾನಾ ಹಚ್ಚಿದರು. ನಟ್ಟು ಬಿಗಿದುಕೊಂಡಿತ್ತು. ಜಂಗು ಹಿಡಿದಿದೆ ಎಂದು ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಇನ್ನಷ್ಟು ಬಲ ಹಾಕಿದರು. ತಂತಿಗಳು ಬಿಲ್ಲಿನ ಹಾಗೆ ಬಾಗಿದವು. ನಮ್ಮವರು ಕೂಗಿದ ಕೂಗಿಗೆ ಕೊಟ್ಟಿಗೆಯ ಎಮ್ಮೆ ಕಣ್ಣಿ ಹರಿದುಕೊಂಡಿತು. ಎರಡು ದಿನಕ್ಕೆ ಒಂದು ತೂತಿನಲ್ಲಿ ಕೀವು ಕಾಣಿಸಿತು. ಬಾಡಿಗೆ ಜೀಪು ತರಿಸಿ, ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿಕೊಂಡು, ಕಾಗವಾಡದ ಮೇಲೆ ಮಿರಜಿಗೆ ಹೊರಟೆವು.

ಡಾಕ್ಟರು ಎಲುಬಿನ ಫೋಟೋ ತೆಗೆಸಿ ಬೆಳಕಿಗೆ ಹಿಡಿದರು. ಕಾಗದ ಕೇಳಿದರು. ನಾನು ಸೆರಗಿನೊಳಗಿಂದ ತೆಗೆದುಕೊಟ್ಟೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಕಾಗದದ ಪ್ರಕಾರ ಎಲುಬು ಒಂದೂವರೆ ಬೆರಳು ಸರಿದಿರಬೇಕಿತ್ತು, ಒಂದು ಬೆರಳೂ ಸರಿದಿರಲಿಲ್ಲ.

"ದಿನಾ ತಿರುವಿದ್ರೇನ್ರಿ?"

"ಹೌದ್ರಿ ಸಾಹೇಬ್ರ," ಎಂದರು ಮಾವ. "ಒಂದೂ ತಪ್ಪಿಲ್ರಿ."

ಮಾವನ ಮಾತಿನಲ್ಲಿ ಕಪಟವಿರಲಿಲ್ಲ. ತಿರುವಬೇಕಾದ ದಿನ ಒಂದೂ ತಪ್ಪಿರಲಿಲ್ಲ. ತಿರುವಬಾರದ ದಿನಗಳು ಅವರ ಲೆಕ್ಕದಲ್ಲಿ ದಿನಗಳೇ ಅಲ್ಲ. ಒಕ್ಕಲುತನದ ಮನುಷ್ಯ "ದಿನಾ ಹೊಲಕ್ಕ ಹೋಗತೇನಿ" ಅಂದರೆ ಅದರಲ್ಲಿ ಸೋಮವಾರ ಸೇರಿರುವುದಿಲ್ಲ ಎಂಬುದು ನಮಗೆಲ್ಲ ಗೊತ್ತು, ಆ ಡಾಕ್ಟರಿಗೆ ಗೊತ್ತಿರಲಿಲ್ಲ.

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ತಿರುವುವಷ್ಟು ತಿರುವಿಯೂ ಎಲುಬು ಸರಿಯದೆ ಹಿಡಿದುಕೊಂಡಿದೆ, ಮೇಲಾಗಿ ಮತ್ತೆ ಕೀವು. ಅಂದರೆ ಈ ಪದ್ಧತಿ ಈ ಕಾಲಿಗೆ ಒಗ್ಗುತ್ತಿಲ್ಲ. ಮತ್ತೆ ಕೊಯ್ದು ಮತ್ತೆ ಇದೇ ಆದರೆ, ಕೀವು ಮೇಲಕ್ಕೇರಿ ಮೊಣಕಾಲೂ ಹೋದೀತು. ಮೊಣಕಾಲು ಇರುವಾಗಲೇ ಕೆಳಗೆ ತೆಗೆದುಬಿಡುವುದು ಮೇಲು. ಇಷ್ಟನ್ನು ಮೆಲ್ಲಗೆ, ನೆಲ ನೋಡುತ್ತ ಹೇಳಿದರು. ಅವರಿಗೂ ದುಃಖವಾಗಿತ್ತು ಎಂದು ಇವತ್ತಿಗೂ ನನಗೆ ಅನಿಸುತ್ತದೆ.

ಅತ್ತೆ ನೆಲದ ಮೇಲೆ ಕೂತುಬಿಟ್ಟರು. ಮಾವ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸ್ಟ್ರೆಚರಿನ ಮೇಲಿದ್ದ ನಮ್ಮವರು ಮಾತ್ರ ಗಟ್ಟಿಯಾಗಿ ಅಂದರು, "ಕಡೀರಿ ಸಾಹೇಬ್ರ. ನನಗ ಸಾಕಾಗೈತಿ. ಈ ಪಿಂಜರ ಒಂದು ತೆಗೀರಿ, ಕಾಲ ಹೋದ್ರ ಹೋಗ್ಲಿ."

ಡಾಕ್ಟರು ತಮ್ಮ ಹಿರಿಯ ಡಾಕ್ಟರನ್ನು ಕೇಳಿ ಬರುತ್ತೇನೆಂದು ಎದ್ದರು. ಬಾಗಿಲಿನವರೆಗೂ ಹೋದರು. ಹೇಳಿದರೆ ಮಾವನನ್ನು ನಾಲ್ಕು ಜನರ ಮುಂದೆ ಸುಳ್ಳುಗಾರನನ್ನಾಗಿ ಮಾಡಿದಂತೆ. ಹೇಳಿದರೆ ಸಾಕು ಅಂದ ಗಂಡನನ್ನು ಮತ್ತೆ ಅದೇ ನೋವಿಗೆ ತಳ್ಳಿದಂತೆ. ಹೇಳದಿದ್ದರೆ ಕಾಲು ಹೋಗುತ್ತದೆ, ಅದೂ ನನ್ನ ಕೈಬರಹದ ಮೇಲೆ. ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಾಗಲಿಲ್ಲ.

"ಸಾಹೇಬ್ರ, ಆ ಕಾಗದ ಸುಳ್ಳೈತ್ರಿ. ಸುಳ್ಳ ಗುರುತು ಹಾಕಿದಾಕಿ ನಾನಽ," ಎಂದೆ.

ಎಲ್ಲ ಹೇಳಿದೆ. ಸೋಮವಾರ, ಅಮವಾಸ್ಯೆ, ಪಂಚಮಿಯ ಎಂಟು ದಿನ. ನಮ್ಮವರು "ಏ, ಬಾಯಿ ಮುಚ್ಚಲೇ" ಎಂದು ಕೂಗಿದರು. ಡಾಕ್ಟರು ವಾಪಸ್ ಬಂದು ಕೂತರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಕಾಗದ ತೆಗೆದುಕೊಂಡು, ಬಿಟ್ಟ ದಿನ ಯಾವಯಾವುದು ಎಂದು ಒಂದೊಂದಾಗಿ ನನ್ನಿಂದಲೇ ಹೊಡೆದುಹಾಕಿಸಿದರು. ಆಮೇಲೆ ಮತ್ತೆ ಫೋಟೋ ನೋಡಿದರು. ಈಗ ಲೆಕ್ಕ ಕೂಡಿತು. ತಿರುವಿದಷ್ಟು ದಿನ ಎಲುಬು ಸರಿದಿತ್ತು. ಜಗ್ಗದೆ ಬಿಟ್ಟಾಗ, ಹರೆಯದ ಎಲುಬು, ತನ್ನಷ್ಟಕ್ಕೆ ತಾನು ಕೂಡಿಕೊಂಡಿತ್ತು.

"ಇದು ಛಲೋ ಎಲುಬು ಐತಿ. ಇಷ್ಟ ಲಗೂ ಕೂಡೂ ಎಲುಬನ್ನ ನಾನು ಕಡೀತಿದ್ನಲ್ಲಾ," ಎಂದರು. ಅವರ ಮುಖ ಬಿಳಿಚಿತ್ತು. ಆಮೇಲೆ ಮಾವನ ಕಡೆ ತಿರುಗಿ, "ಬಾಬಾ, ಇನ್ನ ಪಾನಾ ಈ ತಾಯಿ ಕೈಯಾಗ ಇರ್ಲಿ" ಎಂದರು.

ಕೀವು ಇಳಿದ ಮೇಲೆ ಮತ್ತೆ ಕೊಯ್ದರು. ವಾರ ಬಿಟ್ಟು ತಿರುವಲು ಶುರು ಮಾಡಿದೆ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ಮಲಗುವ ಮುಂಚೆ ಒಮ್ಮೆ. ಸೋಮವಾರ ಬಂದರೆ ಮಾವ ತೋಟಕ್ಕೆ ಹೋಗಿಬಿಡುತ್ತಿದ್ದರು, ಅತ್ತೆ ಕೊಟ್ಟಿಗೆ ಸೇರುತ್ತಿದ್ದರು. ಮನೆಯಲ್ಲಿ ನಾವಿಬ್ಬರೇ. ನಮ್ಮವರು ಮೊದಲು ಬೈದರು. ಬೈಗುಳಕ್ಕೆ ನಾನು ಹೆದರುವವಳಲ್ಲ, ಮಗ್ಗದ ಮನೆಯಲ್ಲಿ ಅದಕ್ಕಿಂತ ದೊಡ್ಡದಾಗಿ ಮಾತಾಡಿ ರೂಢಿಯಿತ್ತು. ಆಮೇಲೆ ಬೇಡಿಕೊಳ್ಳತೊಡಗಿದರು. ಅದನ್ನು ತಡೆಯಲು ಆಗುತ್ತಿರಲಿಲ್ಲ. "ಇವತ್ತೊಂದಿನ ಬಿಡು, ನಿನ್ನ ಕಾಲ ಬೀಳತೇನಿ" ಎಂದು ಗಂಡ ಕೈ ಮುಗಿದರೆ ಹೆಂಡತಿ ಏನು ಮಾಡಬೇಕು? ನಾನು ತಿರುವುತ್ತಿದ್ದೆ. ಒಂದು ಸಲ ಮಾತ್ರ, "ನಾಳಿ ಎರಡ ಸಲ ಹೆಚ್ಚಿಗಿ ತಿರುವಿದ್ರ ಆಗೂದಿಲ್ಲೇನು?" ಎಂದು ನನ್ನೊಳಗೆ ನಾನೇ ಚೌಕಾಶಿ ಮಾಡಿಕೊಂಡೆ. ಆ ದಿನವೂ ತಿರುವಿದೆ, ತಿರುವಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ನೀರಿಗೆ ಹೋದರೆ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. "ಎಲ್ಲಾರೂ ಗಂಡನ ಕಿವಿ ತಿರುವತಾರ, ಈಕಿ ಕಾಲಽ ತಿರುವತಾಳ ನೋಡ್ರೆವ್ವಾ." ನಾನೂ ನಗುತ್ತಿದ್ದೆ. ಮನೆಗೆ ಬಂದು ಕೊಡ ಇಳಿಸುವಾಗ ನಗು ಇರುತ್ತಿರಲಿಲ್ಲ. ನನ್ನ ಕೈಯಿಂದ ಊಟದ ತಾಟು ಇಸಿದುಕೊಳ್ಳುವುದನ್ನು ನಮ್ಮವರು ಬಿಟ್ಟಿದ್ದರು. ಅತ್ತೆಯೇ ಬಡಿಸಬೇಕು. ನನ್ನ ಬಳೆಯ ಸದ್ದು ಕೇಳಿದರೆ ಸಾಕು, ಮೈ ಸೆಟೆಯುತ್ತಿತ್ತು. ನಾನು ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಓಡಾಡಿದೆ.

ದೀಪಾವಳಿಯ ಹೊತ್ತಿಗೆ ತುಂಡು ತುಂಡನ್ನು ಮುಟ್ಟಿತು. ಫೋಟೋದಲ್ಲಿ ಮೇಲುಗಡೆ ಹೊಸ ಎಲುಬು, ಬೆಳಗಿನ ಮಂಜಿನ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಅದು ಗಟ್ಟಿಯಾಗಲು ಯುಗಾದಿಯವರೆಗೆ ಕಾದೆವು. ಆಮೇಲೆ ಬಳೆ ಬಿಚ್ಚಿದರು, ಪ್ಲಾಸ್ಟರ್ ಹಾಕಿದರು, ಬಗಲಬಡಿಗೆ ಕೊಟ್ಟರು. ಮಳೆಗಾಲ ಬರುವಷ್ಟರಲ್ಲಿ ನಮ್ಮವರು ಬದುವಿನ ಮೇಲೆ ಬಡಿಗೆಯಿಲ್ಲದೆ ನಡೆದರು. ಕಾಲು ಒಂದು ಬೆರಳು ಗಿಡ್ಡ, ಹರಡು ಸರಿಯಾಗಿ ಮಡಚುವುದಿಲ್ಲ, ಮೈತುಂಬ ಕಲೆ. ಆದರೂ ಅದು ಅವರದೇ ಕಾಲು. ಮಾವ ಅಂದು ಊರಿಗೆಲ್ಲ ಪೇಡೆ ಹಂಚಿದರು. ನನಗೆ ಕೊಡುವಾಗ ಏನೋ ಹೇಳಲು ಬಂದರು, ಹೇಳಲಾಗದೆ ಎರಡು ಪೇಡೆ ಹೆಚ್ಚಿಗೆ ಇಟ್ಟು ಹೋದರು.

ಎಲ್ಲರೂ ನನ್ನನ್ನು ಹೊಗಳಿದರು. ನಮ್ಮವರು ಹೊಗಳಲಿಲ್ಲ. ಬೈಯಲೂ ಇಲ್ಲ. ಹೊಲ, ಮನೆ, ಆಮೇಲೆ ಹುಟ್ಟಿದ ಮಗಳು, ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದರು. ಕಾಲಿನ ಬಗ್ಗೆ ಮಾತ್ರ ಇಲ್ಲ. ಆ ಕಾಲಿನ ಕಡೆ ನಾನು ಕೂತರೆ ಸಾಕು, ಅದು ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು. ಅವರು ಬೇಕಂತ ಮಾಡುತ್ತಿರಲಿಲ್ಲ, ನಿದ್ದೆಯಲ್ಲೂ ಹಾಗೇ ಆಗುತ್ತಿತ್ತು. ಥಂಡಿಯಲ್ಲಿ ಆ ಕಾಲು ಜುಮುಜುಮು ಅನ್ನುತ್ತಿತ್ತು, ಎಣ್ಣೆ ಹಚ್ಚಲು ಅತ್ತೆಯನ್ನು ಕರೆಯುತ್ತಿದ್ದರು. ಅತ್ತೆಗೆ ವಯಸ್ಸಾಗಿತ್ತು, ಕೈಯಲ್ಲಿ ಬಲವಿರಲಿಲ್ಲ. ನಾನು ಒಲೆಯ ಮುಂದೆ ಕೂತು ನೋಡುತ್ತಿದ್ದೆ. ಕಾಲು ಉಳಿಸಿದವಳಿಗೆ ಕಾಲು ಮುಟ್ಟುವ ಹಕ್ಕಿಲ್ಲವೇ ಎಂದು ಹೊಟ್ಟೆ ಉರಿಯುತ್ತಿತ್ತು. ಕಟ್ಟಿಗೆ ಮುರಿದು ಒಲೆಗೆ ಹಾಕುವಾಗ ಬೇಕಿದ್ದಕ್ಕಿಂತ ಜೋರಾಗಿ ಮುರಿಯುತ್ತಿದ್ದೆ. ಹೀಗೆ ನಾಲ್ಕು ವರ್ಷ.

ಐದನೆಯ ಚಳಿಗಾಲದಲ್ಲಿ ಅತ್ತೆ ಕೆಲವು ದಿನಕ್ಕೆಂದು ತಮ್ಮ ಮಗಳ ಊರಾದ ಅಥಣಿಗೆ ಹೋಗಿದ್ದರು. ಮಧ್ಯಾಹ್ನ. ದ್ರಾಕ್ಷಿಗೆ ಔಷಧ ಹೊಡೆದು ಬಂದ ನಮ್ಮವರು ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಬಹಳ ನಡೆದಿದ್ದರು, ಕಾಲು ನೋಯುತ್ತಿರುವುದು ಮುಖದ ಮೇಲೇ ಕಾಣುತ್ತಿತ್ತು. ನಾನು ಎಣ್ಣೆಯ ಬಟ್ಟಲು ಬಿಸಿ ಮಾಡಿ ತಂದು, ಅವರ ಕೈಗೆ ಎಟುಕುವಷ್ಟು ದೂರದಲ್ಲಿಟ್ಟು, ಒಳಗೆ ಹೋಗಲು ತಿರುಗಿದೆ.

"ಎಲ್ಲಿ ಹೊಂಟಿ?" ಎಂದರು.

"ಹಚ್ಚಿಕೋರಿ, ನಿಮ್ಮ ಕೈಲೇ."

ಅವರು ಧೋತರವನ್ನು ಮೊಣಕಾಲಿನವರೆಗೆ ಸರಿಸಿದರು. ಎರಡೂ ಕೈಯಿಂದ ಆ ಬಲಗಾಲನ್ನು ಎತ್ತಿ ನನ್ನ ಕಡೆಗೆ ಚಾಚಿದರು. ನಾನು ಕೂತು ತೊಡೆಯ ಮೇಲೆ ಇಟ್ಟುಕೊಂಡೆ. ಅಂಗೈಗೆ ಎಣ್ಣೆ ಹಾಕಿಕೊಂಡು ಮೊದಲ ಕಲೆಯನ್ನು ಮುಟ್ಟಿದಾಗ ಕಾಲು ಒಮ್ಮೆ ಹಿಂದಕ್ಕೆ ಜಗ್ಗಿತು. ಅವರು ಅದನ್ನು ತಮ್ಮ ಕೈಯಿಂದ ಅಲ್ಲೇ ಒತ್ತಿ ಹಿಡಿದರು.

"ಹಚ್ಚು," ಎಂದರು. "ನಾ ಹಿಡದೇನಿ."